ಕಡಲಡಿಯ ರಜೆ ಮತ್ತು ಬೀದರಿನ ಧರ್ಮಪ್ರಶ್ನೆ

ದ್ವೀಪದ ಐಷಾರಾಮಿ ರೆಸಾರ್ಟಿನಲ್ಲಿ ತಂಗಿ ಸ್ಕೂಬಾ ಡೈವಿಂಗ್ ಮಾಡುವ ರಜೆ ಮೇಲ್ನೋಟಕ್ಕೆ ದುಡ್ಡು ಮತ್ತು ಬಿಡುವಿನ ವಿಷಯ. ಆಸ್ತಿಕ ಕುಟುಂಬವೊಂದು ಇದನ್ನು ಯೋಚಿಸತೊಡಗಿದಾಗ ಬೇರೆ ಪ್ರಶ್ನೆಗಳೂ ಏಳುತ್ತವೆ. ಕಡಲು ದಾಟಬಹುದೇ? ಅಷ್ಟು ಹಣವನ್ನು ಸ್ವಂತ ಸುಖಕ್ಕೆ ಸುರಿಯಬಹುದೇ? ನೀರಿಗಿಳಿಯುವಾಗ ಮೈಮೇಲಿನ ಧರ್ಮಚಿಹ್ನೆಗಳನ್ನು ಏನು ಮಾಡಬೇಕು? ಹವಳದ ದಿಬ್ಬಕ್ಕೆ ಆಗುವ ಪೆಟ್ಟು ಯಾರ ಲೆಕ್ಕಕ್ಕೆ? ಬೀದರ್, ಭಾಲ್ಕಿ, ಔರಾದ್ ಮತ್ತು ಬಗದಲ್ ಸುತ್ತಿನ ನಾಡಿನಲ್ಲಿ ನಿಂತು ಈ ಪ್ರಶ್ನೆಗಳನ್ನು ನೋಡುವುದಕ್ಕೆ ಕಾರಣವಿದೆ. ಕೆಂಪು ಜಂಬಿಟ್ಟಿಗೆಯ ಈ ಎತ್ತರದ ನೆಲಕ್ಕೆ ಸಮುದ್ರ ದೂರ. ಮುರುಡೇಶ್ವರದ ಕಡಲಿಗೆ ಹೋಗಬೇಕಾದರೆ ಒಂದು ಹಗಲು ಪೂರ್ತಿ ರಸ್ತೆ ಸವೆಸಬೇಕು. ಆದರೂ ನೀರಿನೊಳಗೆ ಇಳಿದು ದೇವರನ್ನು ಕಾಣುವ ಪದ್ಧತಿ, ನೀರಿಗಿಳಿದರೆ ಪುಣ್ಯವಿಲ್ಲ ಎಂದು ಖಂಡಿಸಿದ ಪರಂಪರೆ, ಎರಡೂ ಒಂದೇ ಜಿಲ್ಲೆಯಲ್ಲಿ ಇರುವುದು ಇಲ್ಲಿ.

ಕಡಲು ದಾಟುವ ಪ್ರಶ್ನೆಯನ್ನು ಬೇಗ ಮುಗಿಸಬಹುದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಮನುಷ್ಯನನ್ನು ಪತಿತನಾಗಿಸುವ ಕೃತ್ಯಗಳಲ್ಲಿ ಸೇರಿಸಿದೆ. ಮುಂದೆ ನಿಬಂಧಕಾರರು ಅದನ್ನು ಕಲಿವರ್ಜ್ಯಗಳ, ಅಂದರೆ ಕಲಿಯುಗದಲ್ಲಿ ಮಾಡಬಾರದವುಗಳ, ಪಟ್ಟಿಗೂ ತಂದರು. ಹಡಗಿನ ಮೇಲೆ ಸಂಧ್ಯಾವಂದನೆ, ಮಡಿ, ಆಹಾರದ ನಿಯಮ ಇವೆಲ್ಲ ಕೆಡುತ್ತವೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುತ್ತ ಬಂದ ಕಾರಣ. ಕರ್ನಾಟಕದಲ್ಲಿ ಈ ನಿಯಮ ಪೂರ್ತಿ ಸತ್ತಿಲ್ಲ. 2008ರ ಉಡುಪಿ ಪರ್ಯಾಯದ ಹೊತ್ತಿಗೆ, ಪುತ್ತಿಗೆ ಮಠದ ಸುಗುಣೇಂದ್ರ ತೀರ್ಥರು ವಿದೇಶಕ್ಕೆ ಹೋಗಿಬಂದವರೆಂಬ ಕಾರಣಕ್ಕೆ ಕೃಷ್ಣಪೂಜೆಯ ಅಧಿಕಾರದ ಬಗ್ಗೆ ಅಷ್ಟಮಠಗಳ ನಡುವೆ ತಕರಾರು ಎದ್ದಿತ್ತು. 2024ರ ಪರ್ಯಾಯದಲ್ಲಿ ಅದೇ ಮಾತು ಮತ್ತೆ ಚರ್ಚೆಗೆ ಬಂತು. ಆದರೆ ಅಲ್ಲಿ ಕೇಳಿದ್ದು ಯತಿಯೊಬ್ಬರ ಪೂಜಾಧಿಕಾರದ ಪ್ರಶ್ನೆ. ಸಂಸಾರಿಗಳ ಮಟ್ಟಿಗೆ ಈ ನಿಷೇಧವನ್ನು ಈಗ ಯಾರೂ ಜೋರಾಗಿ ಎತ್ತುವುದಿಲ್ಲ. ಎತ್ತಿದರೆ ಮಾಲ್ಡೀವ್ಸ್ ಒಂದೇ ಏಕೆ, ಅಂಡಮಾನ್, ಲಕ್ಷದ್ವೀಪ, ಮುರುಡೇಶ್ವರದ ಎದುರಿನ ನೇತ್ರಾಣಿ ಕೂಡ ಅದರೊಳಗೇ ಬೀಳುತ್ತವೆ.

ಬೀದರಿಗಂತೂ ಕಡಲಿನ ಭಯ ಸಲ್ಲದು. ಬಹಮನಿಗಳ ಕಾಲದಲ್ಲಿ ಈ ಊರಿನ ಕುದುರೆ, ಪಂಡಿತರು, ಕುಶಲಕರ್ಮಿಗಳು ಬಂದದ್ದೇ ಹಡಗು ಹತ್ತಿ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗಾವಾನ್ ಇಲ್ಲಿ ಮಂತ್ರಿಯಾಗಿ 1472ರಲ್ಲಿ ಮದರಸಾ ಕಟ್ಟಿಸಿದ. ಅದೇ ಆಸುಪಾಸಿನಲ್ಲಿ ಮೂರು ಸಮುದ್ರಗಳನ್ನು ದಾಟಿ ಬೀದರಿಗೆ ಬಂದ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಬರೆದಿಟ್ಟ ಸಂಕಟ ಈ ವಿಷಯಕ್ಕೆ ನೇರವಾಗಿ ತಾಗುತ್ತದೆ. ಅವನ ಧರ್ಮಗ್ರಂಥಗಳು ದಾರಿಯಲ್ಲೇ ಲೂಟಿಯಾಗಿದ್ದವು. ಈಸ್ಟರ್ ಯಾವತ್ತು ಬರುತ್ತದೆಂದು ಗೊತ್ತಾಗದೆ ಊಹೆಯ ಮೇಲೆ ಉಪವಾಸ ಹಿಡಿದ. ಸುತ್ತಲಿನ ಮುಸಲ್ಮಾನರ ರೋಜಾ ಜೊತೆಗೆ ತಾನೂ ಉಪವಾಸ ಮಾಡಿದ. ಕಡಲು ದಾಟಿದ್ದಕ್ಕಾಗಿ ಅವನು ಅತ್ತದ್ದಿಲ್ಲ, ದಿನದ ಆಚರಣೆಯ ಎಳೆ ಕೈತಪ್ಪಿದ್ದಕ್ಕೆ ಅತ್ತ. ಹಳೆಯ ಶಾಸ್ತ್ರಕಾರರ ಆತಂಕದ ತಿರುಳೂ ಬಹುಶಃ ಇಷ್ಟೇ.

ನೀರಿಗಿಳಿಯುವುದು ಧಾರ್ಮಿಕ ಕ್ರಿಯೆಯಾಗಿ ಹೇಗಿರುತ್ತದೆ ಎಂಬುದಕ್ಕೆ ಬೀದರಿನ ಝರಣಿ ನರಸಿಂಹ ಕ್ಷೇತ್ರದಷ್ಟು ಸ್ಪಷ್ಟ ಉದಾಹರಣೆ ಕರ್ನಾಟಕದಲ್ಲಿ ಮತ್ತೊಂದಿಲ್ಲ. ಊರಂಚಿನ ಬೆಟ್ಟದಲ್ಲಿ ಕೊರೆದ ಸುರಂಗ ಸುಮಾರು 300 ಮೀಟರ್ ಒಳಕ್ಕೆ ಹೋಗುತ್ತದೆ. ಝರಿಯ ನೀರು ಅದರ ತುಂಬ ನಿಂತಿರುತ್ತದೆ, ಹೆಚ್ಚು ಕಡೆ ಸೊಂಟದಿಂದ ಎದೆಯ ಮಟ್ಟಕ್ಕೆ. ಚಾವಣಿಗೆ ಬಾವಲಿಗಳು ಜೋತಾಡುತ್ತವೆ. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ತೆಂಗಿನಕಾಯಿ ಹೂವನ್ನು ತಲೆಯ ಮೇಲೆ ಎತ್ತಿ ಹಿಡಿದು, ಉಟ್ಟ ಬಟ್ಟೆಯಲ್ಲೇ ಜನ ನಡೆಯುತ್ತಾರೆ. ಸುರಂಗದ ಕೊನೆಯಲ್ಲಿ ನರಸಿಂಹನ ಮೂರ್ತಿ, ಜೊತೆಗೆ ಶಿವಲಿಂಗ. ಅಲ್ಲಿ ಒಮ್ಮೆಗೆ ಕೆಲವೇ ಜನ ನಿಲ್ಲಬಹುದು. ಹಿಂದಿನವರು ನೀರಿನಲ್ಲೇ ಕಾಯಬೇಕು. ಈಗ ದೀಪವೂ ಗಾಳಿಯ ವ್ಯವಸ್ಥೆಯೂ ಇವೆ. ಬರದ ವರ್ಷಗಳಲ್ಲಿ ನೀರು ಇಳಿದದ್ದೂ ಉಂಟು. ಸ್ಥಳಪುರಾಣದ ಪ್ರಕಾರ, ಹಿರಣ್ಯಕಶಿಪುವಿನ ವಧೆಯ ನಂತರ ನರಸಿಂಹ ಇಲ್ಲಿ ಜಲಾಸುರನೆಂಬ ಶಿವಭಕ್ತ ರಾಕ್ಷಸನನ್ನು ಕೊಂದ. ಸಾಯುವಾಗ ಅವನು ಕೇಳಿಕೊಂಡದ್ದು ದೇವರು ತನ್ನ ಗುಹೆಯಲ್ಲೇ ನೆಲೆಸಬೇಕೆಂದು. ಆಮೇಲೆ ಅವನೇ ನೀರಾಗಿ ದೇವರ ಪಾದದಿಂದ ಹರಿಯತೊಡಗಿದ. ಹಾಗಾಗಿ ಭಕ್ತರು ಎದೆಮಟ್ಟ ಇಳಿಯುವುದು ಸೋತ ರಾಕ್ಷಸನೊಳಗೇ. ಪುರಾಣಗಳಲ್ಲಿ ಇಂಥ ದಿಟ್ಟ ಕಲ್ಪನೆ ಅಪರೂಪ.

ಝರಣಿಯಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ನೀರಿನಲ್ಲಿ ಎಲ್ಲರ ಬಟ್ಟೆಯೂ ಒಂದೇ ಬಗೆಯಲ್ಲಿ ತೊಯ್ಯುತ್ತದೆ. ಮುಂದಿನವರ ಬೆನ್ನು ನೋಡುತ್ತ, ಹಿಂದಿನವರ ಕೈ ಹಿಡಿಯುತ್ತ ಹೋಗದೆ ಗತಿಯಿಲ್ಲ. ಅದೇ ಊರಿನ ಗುರುನಾನಕ್ ಝೀರಾದ ಕಥೆಯಲ್ಲೂ ನೀರು ಹಂಚಿಕೆಯ ವಸ್ತು. 16ನೇ ಶತಮಾನದ ಆರಂಭದಲ್ಲಿ ದಕ್ಷಿಣಕ್ಕೆ ಬಂದ ಗುರುನಾನಕರು ಕುಡಿಯುವ ನೀರಿಗಾಗಿ ಒದ್ದಾಡುತ್ತಿದ್ದ ಜನರನ್ನು ಕಂಡು ಪಾದುಕೆಯಿಂದ ಬಂಡೆಯನ್ನು ಸರಿಸಿದಾಗ ಸಿಹಿನೀರು ಚಿಮ್ಮಿತೆಂಬುದು ಸಿಖ್ಖರ ನಂಬಿಕೆ. ಝರಿಯ ಬಳಿಯ ಗುರುದ್ವಾರ 1948ರಲ್ಲಿ ಎದ್ದಿತು. ಅಲ್ಲಿನ ಲಂಗರಿನ, ಅಂದರೆ ಸಾಮೂಹಿಕ ಊಟದ, ಪಂಕ್ತಿಯಲ್ಲಿ ಯಾರು ಬೇಕಾದರೂ ಕೂರಬಹುದು. ನೌಬಾದಿನ ಕರೇಜ್ ಎಂಬ ಸುರಂಗಕಾಲುವೆ ಕೂಡ ಬಹಮನಿ ಕಾಲದಲ್ಲಿ ಊರಿಗೆಲ್ಲ ನೀರು ತರಲೆಂದೇ ಕೊರೆದದ್ದು, ಇರಾನಿನ ತಂತ್ರದಲ್ಲಿ.

ಹಾಗೆಂದು ಈ ನೆಲದ ಧರ್ಮ ನೀರಿಗೆ ಪುಣ್ಯದ ಬೆಲೆ ಕಟ್ಟಿದೆ ಎಂದುಕೊಳ್ಳುವಂತಿಲ್ಲ. ಇಂದು ಬಸವಕಲ್ಯಾಣ ಎನಿಸಿಕೊಂಡಿರುವ ಕಲ್ಯಾಣದಲ್ಲಿ 12ನೇ ಶತಮಾನದ ಶರಣರು ತೀರ್ಥಸ್ನಾನದ ಮೇಲಿನ ಭರವಸೆಯನ್ನು ಕಟುವಾಗಿ ಟೀಕಿಸಿದರು. ಅಂಬಿಗರ ಚೌಡಯ್ಯ ಅವರಲ್ಲೊಬ್ಬ. ದೋಣಿ ನಡೆಸಿ ಬದುಕಿದವನಾದ್ದರಿಂದ ನದಿಗಿಳಿಯುವ ಯಾತ್ರಿಕರನ್ನು ಹತ್ತಿರದಿಂದ ಬಲ್ಲವನು. ಮೈ ತೊಳೆದರೆ ಮನಸ್ಸಿನ ಕೊಳೆ ಹೋಗದೆಂಬುದನ್ನು ಗುರುನಾನಕರೂ ಸಾರಿದರು. ಝರಣಿಯ ಭಕ್ತಿ ಮತ್ತು ಕಲ್ಯಾಣದ ಟೀಕೆ ಒಂದಕ್ಕೊಂದು ಎದುರು ನಿಂತಂತೆ ಕಾಣುತ್ತವೆ. ಒಂದು ಮಾತಿನಲ್ಲಿ ಮಾತ್ರ ಎರಡೂ ಒಂದೇ: ನೀರು ತಾನಾಗಿ ಯಾರನ್ನೂ ಉದ್ಧರಿಸುವುದಿಲ್ಲ. ಆತ್ಮಶೋಧನೆ, ಕಡಲಿನೊಂದಿಗೆ ಒಂದಾಗುವುದು ಎಂಬ ಮಾತುಗಳನ್ನು ಜಾಹೀರಾತಿನಲ್ಲಿ ಬಳಸುವ ರೆಸಾರ್ಟುಗಳಿಗೆ ಈ ಪರಂಪರೆಯಲ್ಲಿ ಉತ್ತರ ಸಿದ್ಧವಾಗಿಯೇ ಇದೆ. ಗಂಗೆಯಲ್ಲಿ ಸಿಗದ ಪುಣ್ಯ ಹವಳದ ಮಡುವಿನಲ್ಲಿ ಸಿಗಲಾರದು.

ಪುಣ್ಯವಿಲ್ಲ ಎಂದಮಾತ್ರಕ್ಕೆ ಪಾಪವೆಂದೂ ಅಲ್ಲ. ಪುರುಷಾರ್ಥಗಳಲ್ಲಿ ಕಾಮಕ್ಕೂ ಜಾಗವಿದೆ; ಶರಣರು ಸಂಸಾರ ಬಿಟ್ಟು ಕಾಡಿಗೆ ಹೋಗಲು ಹೇಳಲಿಲ್ಲ; ಸಿಖ್ ಗುರುಗಳಲ್ಲಿ ಹೆಚ್ಚಿನವರು ಗೃಹಸ್ಥರೇ ಆಗಿದ್ದರು. ದುಡಿದು ಸಂಪಾದಿಸಿದವರು ಮೀನು ನೋಡಿ ಖುಷಿಪಟ್ಟರೆ ಆಕ್ಷೇಪವೆತ್ತುವ ಧರ್ಮ ಬೀದರಿನಲ್ಲಿಲ್ಲ. ಡೈವಿಂಗಿನೊಳಗೆ ಒಂದು ಬಗೆಯ ಶಿಸ್ತೂ ಇದೆ, ಮತ್ತು ಅದು ಯೋಗಶಾಸ್ತ್ರದ ಒಂದು ಸಾಧನೆಗೆ ತಿರುಗುಮುರುಗು. ಪ್ರಾಣಾಯಾಮದಲ್ಲಿ ಕುಂಭಕ, ಅಂದರೆ ಉಸಿರು ಹಿಡಿಯುವುದು, ಉನ್ನತ ಹಂತ. ಸ್ಕೂಬಾದ ಮೊದಲ ನಿಯಮವೇ ಉಸಿರು ಹಿಡಿಯಕೂಡದು ಎಂಬುದು. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಎಳೆದುಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟು ಹಿಗ್ಗುತ್ತದೆ. ಉಸಿರು ಬಿಗಿಹಿಡಿದು ಮೇಲೇರಿದವರ ಶ್ವಾಸಕೋಶ ಹರಿಯಬಹುದು. 1943ರಲ್ಲಿ ಕುಸ್ತೊ ಮತ್ತು ಗನ್ಯಾನ್ ಸೇರಿ ರೂಪಿಸಿದ ಉಪಕರಣದ ಜಾಣತನ ಇರುವುದು ಆಳಕ್ಕೆ ತಕ್ಕ ಒತ್ತಡದಲ್ಲಿ, ಬೇಕಾದಾಗ ಮಾತ್ರ ಗಾಳಿ ಕೊಡುವುದರಲ್ಲಿ. ನಿಧಾನವಾಗಿ ಉಸಿರಾಡುವವರಿಗೆ ಗಾಳಿ ಹೆಚ್ಚು ಹೊತ್ತು ಬರುತ್ತದೆ; ಗಾಬರಿ ಬಿದ್ದವರ ಸಿಲಿಂಡರ್ ಬೇಗ ಖಾಲಿ. ಜೊತೆಗಾರರಿಲ್ಲದೆ ಒಬ್ಬರೇ ಇಳಿಯುವಂತಿಲ್ಲ. ಗಾಳಿ ತೀರಿದವರಿಗೆ ಜೊತೆಗಾರರು ತಮ್ಮ ಹೆಚ್ಚುವರಿ ಉಸಿರುನಳಿಕೆ ಕೊಡಬೇಕು. ಇದು ಧರ್ಮವಲ್ಲ, ತರಬೇತಿಯ ಪಾಠ. ಆದರೆ ಅಹಂಕಾರಕ್ಕೆ ಇಷ್ಟು ಕಡಿಮೆ ಜಾಗ ಕೊಡುವ ಮನರಂಜನೆ ವಿರಳ ಎಂಬುದನ್ನು ಒಪ್ಪಬೇಕು.

ಧರ್ಮಚಿಹ್ನೆಗಳ ಪ್ರಶ್ನೆ ಕೇಳಲು ಸಣ್ಣದು, ಬಗೆಹರಿಸಲು ಸೂಕ್ಷ್ಮ. ಭಾಲ್ಕಿ, ಬಸವಕಲ್ಯಾಣದ ಲಿಂಗಾಯತ ಮನೆಗಳಲ್ಲಿ ಇಷ್ಟಲಿಂಗವನ್ನು ಮೈಯಿಂದ ಅಗಲಿಸಬಾರದೆಂಬುದು ದೀಕ್ಷೆಯ ನಿಯಮ. ಡೈವಿಂಗ್ ಶಿಕ್ಷಕರು ಕೊರಳಿನಲ್ಲಿ ಜೋತಾಡುವ ಯಾವುದನ್ನೂ ಇಷ್ಟಪಡುವುದಿಲ್ಲ. ಅದು ಪಟ್ಟಿಗೆ, ನಳಿಕೆಗೆ ಸಿಕ್ಕಿಕೊಳ್ಳಬಹುದು. ಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆಯನ್ನು ಬಿಗಿಯಾದ ವೆಟ್‌ಸೂಟಿನ ಒಳಗೆ ಧರಿಸಿದರೆ ಎದೆಯ ಮೇಲೆ ಒತ್ತುತ್ತದೆ. ಅದರೊಳಗೆ ಗಾಳಿ ಇರುವುದರಿಂದ ಆಳದಲ್ಲಿ ಒತ್ತಡ ಬಿದ್ದು ನೀರು ನುಗ್ಗುವುದೂ ಖಚಿತ. ಬಟ್ಟೆಯಲ್ಲಿ ಸುತ್ತಿ ಎದೆಗೆ ಅಡ್ಡಲಾಗಿ ಬಿಗಿಯಾಗಿ ಕಟ್ಟಿಕೊಂಡು ಅದರ ಮೇಲೆ ವೆಟ್‌ಸೂಟ್ ಹಾಕುವುದು ಸರಿಯಾದ ದಾರಿ. ಬಟ್ಟೆಯಲ್ಲಿ ಗಾಳಿಯ ಪೊಳ್ಳು ಇರುವುದಿಲ್ಲ, ಲಿಂಗ ಮೈಗೆ ತಾಗಿಯೇ ಇರುತ್ತದೆ, ಕಳಚಿ ಕಡಲಿಗೆ ಬೀಳುವ ಭಯವೂ ಇಲ್ಲ. ನಿತ್ಯ ಅಭಿಷೇಕ ಕಾಣುವ ಲಿಂಗಕ್ಕೆ ನೀರು ಹೊಸದಲ್ಲ. ಮೇಲೆ ಬಂದ ಮೇಲೆ ಉಪ್ಪನ್ನು ಸಿಹಿನೀರಿನಿಂದ ತೊಳೆದರಾಯಿತು. ಕೋಣೆಯ ಲಾಕರಿನಲ್ಲಿ ಇಟ್ಟುಹೋಗುವುದು ಸುಲಭ, ಆದರೆ ದೀಕ್ಷೆಯ ಮಾತಿಗೆ ವಿರುದ್ಧ.

ಸಿಖ್ಖರಿಗೆ ಕೇಶ ಅಡ್ಡಿಯಲ್ಲ, ತಲೆಗೆ ಸುತ್ತುವ ಪಟ್ಕಾದ ಮೇಲೆ ಡೈವಿಂಗ್ ಟೋಪಿ ಕೂರುತ್ತದೆ. ತೊಂದರೆ ಮೀಸೆಯದು. ಮೂಗಿನ ಕೆಳಗೆ ಮುಖವಾಡದ ರಬ್ಬರು ಚರ್ಮಕ್ಕೆ ಅಂಟದೆ ನೀರು ಒಸರುತ್ತದೆ. ಮೀಸೆ ಬೋಳಿಸುವ ಸಲಹೆ ಕೊಡುವವರಿದ್ದಾರೆ. ದೀಕ್ಷೆ ಪಡೆದ ಅಮೃತಧಾರಿಗಳಿಗೆ ಅದು ಸಾಧ್ಯವಿಲ್ಲದ ಮಾತು. ಅಲ್ಲಿ ಜಿಡ್ಡು ಸವರಿಕೊಂಡು ಸೋರಿಕೆ ತಗ್ಗಿಸುವುದು ವಾಡಿಕೆ. ಮುಸಲ್ಮಾನ ಹೆಂಗಸರಿಗೆ ವೆಟ್‌ಸೂಟ್ ಒಂದು ವಿಚಿತ್ರ ಅನುಕೂಲ: ಅದು ಕೊರಳಿನಿಂದ ಕಾಲಿನ ಗಂಟಿನವರೆಗೆ ಮುಚ್ಚುತ್ತದೆ, ಮೇಲೆ ತಲೆಯ ಟೋಪಿಯೂ ಸಿಗುತ್ತದೆ. ಬಿಗಿಯಾಗಿರುವುದರ ಆಕ್ಷೇಪಕ್ಕೆ ಮೇಲೊಂದು ಸಡಿಲ ಅಂಗಿ ಸಾಕು, ಅದು ಸಿಕ್ಕಿಕೊಳ್ಳದಂತೆ ಕಟ್ಟಿದ್ದರೆ.

ಎಲ್ಲಕ್ಕಿಂತ ಭಾರವಾದದ್ದು ಬೆಲೆಯ ಪ್ರಶ್ನೆ. ಐಷಾರಾಮಿ ರೆಸಾರ್ಟಿನ ಬಿಲ್ಲನ್ನು ಬಿಡಿಸಿ ನೋಡಿದರೆ ಡೈವಿಂಗಿನ ಪಾಲು ಚಿಕ್ಕದು. ನೀರಿನ ಕೆಳಗೆ ದುಬಾರಿ ಅತಿಥಿಗೂ ಅಗ್ಗದ ಕೋಣೆಯವರಿಗೂ ಒಂದೇ ಸಿಲಿಂಡರ್, ಒಂದೇ ಮೀನು, ಒಂದೇ ಒತ್ತಡ. ಹೆಚ್ಚಿನ ಹಣ ಹೋಗುವುದು ದಡದ ಮೇಲೆ: ನೀರಿನ ಮೇಲೆ ಕಂಬ ನಿಲ್ಲಿಸಿದ ಮನೆ, ಸ್ವಂತ ಈಜುಕೊಳ, ಬೇರೆಯವರ ಕಣ್ಣಿಗೆ ಬೀಳದ ಮರಳು. ಅಂದರೆ ಮಾರುವ ಮುಖ್ಯ ಸರಕು ಇತರರು ಇಲ್ಲದಿರುವುದು. ಮಾಲ್ಡೀವ್ಸ್‌ನಲ್ಲಿ ಇದು ನೀತಿಯಾಗಿಯೇ ಬೆಳೆಯಿತು. 1972ರಲ್ಲಿ ಮೊದಲ ರೆಸಾರ್ಟ್ ತೆರೆದ ಮೇಲೆ, ಜನವಸತಿಯಿಲ್ಲದ ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬ ಪದ್ಧತಿ ನೆಲೆಗೊಂಡಿತು. 12ನೇ ಶತಮಾನದಲ್ಲೇ ಇಸ್ಲಾಂ ಸ್ವೀಕರಿಸಿದ ಆ ದೇಶದಲ್ಲಿ ಜನರಿರುವ ದ್ವೀಪಗಳಲ್ಲಿ ಮದ್ಯ ನಿಷಿದ್ಧ, ರೆಸಾರ್ಟಿನ ದ್ವೀಪದಲ್ಲಿ ಮುಕ್ತ. ಬೀದರಿನ ಮುಸಲ್ಮಾನ ಕುಟುಂಬವೊಂದು ಮುಸ್ಲಿಂ ದೇಶವೆಂಬ ನೆಮ್ಮದಿಯಲ್ಲಿ ಅಲ್ಲಿಗೆ ಹೋದರೆ ಮೊದಲು ಎದುರಾಗುವುದು ಬಾರ್ ಇರಬಹುದು. ಊರಿನ ಧರ್ಮವನ್ನು ಬಾಡಿಗೆಯ ಮೇರೆಗೆ ಹೊರಗಿಟ್ಟ ಜಾಗ ಅದು. 2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹಗಳಿಗೆ ಅವಕಾಶ ಸಿಕ್ಕಿತು. ಅಲ್ಲಿ ಅಜಾನ್ ಕೇಳಿಸುತ್ತದೆ, ಅಂಗಡಿಯವರ ಜೊತೆ ಮಾತಾಡಬಹುದು, ದುಡ್ಡು ಆ ಊರಿನ ಮನೆಗಳಿಗೂ ಸೇರುತ್ತದೆ. ಡೈವಿಂಗಿಗೆ ಅಲ್ಲಿ ಕೊರತೆಯೂ ಇಲ್ಲ.

ಕನ್ನಡಿಗರಿಗೆ ಹತ್ತಿರದ ಆಯ್ಕೆಗಳೂ ಇವೆ. ಲಕ್ಷದ್ವೀಪದ ಅಮಿನಿ, ಕಡಮತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ಕಡಮತ್‌ನಲ್ಲಿ ಡೈವಿಂಗ್ ಇದೆ, ಹೋಗಲು ಪ್ರವೇಶಪತ್ರ ಬೇಕು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ನೇತ್ರಾಣಿಯಲ್ಲಿ ರೆಸಾರ್ಟೇ ಇಲ್ಲ, ಜನವಸತಿಯೂ ಇಲ್ಲ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಬೆಳಿಗ್ಗೆ ಹೋಗಿ ನೀರಿಗಿಳಿದು ಅದೇ ದಿನ ಮರಳಬೇಕು. ಆ ದ್ವೀಪದಲ್ಲಿ ಕರಾವಳಿಯ ಮೀನುಗಾರರು ಜಟ್ಟಿಗನೆಂಬ ದೈವಕ್ಕೆ ಹರಕೆಯಾಗಿ ಆಡುಗಳನ್ನು ಜೀವಂತ ಬಿಟ್ಟುಬರುವ ವಾಡಿಕೆಯಿದೆ. ಡೈವಿಂಗಿನ ದೋಣಿಗಳು ಬರುವ ಮೊದಲೇ ಅದು ದೈವದ ಜಾಗ.

ಬೆಲೆಯ ಪ್ರಶ್ನೆಗೆ ಕಾಯಕ ಮತ್ತು ದಾಸೋಹದ ವಿಚಾರವೂ ಸೇರುತ್ತದೆ. ದುಡಿಮೆಯಿಂದ ಬಂದದ್ದರಲ್ಲಿ ಅಗತ್ಯಕ್ಕೆ ಮೀರಿದ್ದು ತನ್ನದಲ್ಲ, ಸಮಾಜದ್ದು ಎಂಬುದು ಶರಣರ ನಿಲುವು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದೇವರು ನಿಜಾಮರ ಆಳ್ವಿಕೆಯಲ್ಲಿ ಉರ್ದುವಿನ ಒತ್ತಡದ ನಡುವೆ ಕನ್ನಡ ಶಾಲೆ ನಡೆಸಿದ್ದು ಆ ನಿಲುವಿನ ಬಲದಿಂದ. ಹಾಗಿದ್ದರೆ ರಜೆಯ ಖರ್ಚೆಲ್ಲ ಅಧರ್ಮವೇ? ಅಷ್ಟು ದೂರ ಹೋಗಬೇಕಿಲ್ಲ. ರೆಸಾರ್ಟು ಕೆಲಸ ಕೊಡುತ್ತದೆ, ಆ ಸಂಬಳ ದೂರದ ಮನೆಗಳನ್ನು ಸಾಕುತ್ತದೆ ಎಂಬ ವಾದ ಸುಳ್ಳಲ್ಲ. ಆದರೆ ಅದು ಹೋಟೆಲಿನವರು ಹೇಳಬೇಕಾದ ಮಾತು; ಅತಿಥಿ ಅದನ್ನೇ ತನ್ನ ದಾನವೆಂದು ಹೇಳಿಕೊಂಡರೆ ದಾಸೋಹಕ್ಕೆ ಅವಮಾನ. ಸರಿಯಾದ ಅಳತೆ ಬೇರೆ: ಆ ಬೆಲೆಯಲ್ಲಿ ಎಷ್ಟು ಪಾಲು ಕಡಲನ್ನು ಕಾಣುವುದಕ್ಕೆ, ಎಷ್ಟು ಪಾಲು ಮನುಷ್ಯರನ್ನು ದೂರ ಇಡುವುದಕ್ಕೆ? ನುರಿತ ಶಿಕ್ಷಕರು, ಒಳ್ಳೆಯ ದೋಣಿ, ದೋಣಿಯಲ್ಲಿ ತುರ್ತಿನ ಆಮ್ಲಜನಕ, ಒಬ್ಬ ಶಿಕ್ಷಕರ ಕೈಕೆಳಗೆ ಕಡಿಮೆ ಜನ, ಇವುಗಳಿಗೆ ಹೆಚ್ಚು ಹಣ ಕೊಡುವುದು ಯಾವ ದೃಷ್ಟಿಯಿಂದಲೂ ದುಂದಲ್ಲ. ಬೇಸಿಗೆಯಲ್ಲಿ ಟ್ಯಾಂಕರಿನ ಹಾದಿ ಕಾಯುವ ಊರಿನವರು, ಸಮುದ್ರದ ನೀರನ್ನೇ ಡೀಸೆಲ್ ಸುಟ್ಟು ಸಿಹಿಮಾಡಿ ತುಂಬುವ ದ್ವೀಪದಲ್ಲಿ ಸ್ವಂತ ಈಜುಕೊಳ ಕೇಳುವುದನ್ನು ಸಮರ್ಥಿಸುವುದು ಕಷ್ಟ.

ಉಳಿದದ್ದು ಹಿಂಸೆಯ ಲೆಕ್ಕ. ಹವಳ ಕಲ್ಲಿನಂತೆ ಕಂಡರೂ ಸಣ್ಣ ಪ್ರಾಣಿಗಳು ಕಟ್ಟಿದ ಗೂಡು. ಗುಂಡುಹವಳ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಕಾಲಿನ ರೆಕ್ಕೆ ಒಮ್ಮೆ ತಾಗಿದರೆ ವರ್ಷಗಳ ಬೆಳವಣಿಗೆ ಮುರಿಯಬಹುದು. 1998, 2010, 2016ರಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳ ಬಿಳಿಚಿತ್ತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೇ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. ಅಲ್ಲಿಗೆ ಹಾರುವ ವಿಮಾನದ ಹೊಗೆಗೂ ಆ ಕಾವಿನಲ್ಲಿ ಪಾಲಿದೆ. ಅದನ್ನು ಯಾವ ರೆಸಾರ್ಟಿನ ಹಸಿರು ಪ್ರಮಾಣಪತ್ರವೂ ಅಳಿಸುವುದಿಲ್ಲ. ಆಯ್ಕೆ ಮಾಡುವವರು ಕೇಳಬಹುದಾದದ್ದು ಇಷ್ಟು: ದೋಣಿ ಹವಳದ ಮೇಲೆ ಲಂಗರು ಎಸೆಯುತ್ತದೆಯೋ, ತೇಲುಗುಂಡಿಗೆ ಕಟ್ಟುತ್ತದೆಯೋ? ನೀರಿನಲ್ಲಿ ಸಮತೋಲ ಬಾರದ ಹೊಸಬರನ್ನು ಮೊದಲು ಮರಳಿನ ತಳದಲ್ಲಿ ಅಭ್ಯಾಸ ಮಾಡಿಸುತ್ತಾರೋ, ನೇರ ದಿಬ್ಬದ ಮೇಲೆ ಬಿಡುತ್ತಾರೋ? ಮೀನಿಗೆ ಬ್ರೆಡ್ಡು ಹಾಕಿ ಫೋಟೋ ತೆಗೆಸುವ ಕಡೆಗೆ ಹೋಗದಿರುವುದು ಒಳ್ಳೆಯದು. ಈಜು ಬಾರದವರಿಗೂ ಕೈಹಿಡಿದು ಒಂದು ಮುಳುಗು ಹಾಕಿಸುವ ವ್ಯವಸ್ಥೆ ನೇತ್ರಾಣಿಯಲ್ಲೂ ಇದೆ. ಅಲ್ಲಿ ಹವಳಕ್ಕೆ ಪೆಟ್ಟಾಗುವುದೂ ಬಿಡುವುದೂ ಪೂರ್ತಿ ಶಿಕ್ಷಕರ ಕೈಯಲ್ಲಿ.

ಬೀದರಿನವರಿಗೆ ಮರಳುವ ದಾರಿಯ ನಿಯಮವೊಂದು ವಿಶೇಷವಾಗಿ ಅನ್ವಯಿಸುತ್ತದೆ. ಆಳದಲ್ಲಿ ರಕ್ತದೊಳಗೆ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಬೇಗ ಎತ್ತರಕ್ಕೆ ಹೋದರೆ ಅದು ಗುಳ್ಳೆಗಟ್ಟಿ ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಅಪಾಯ ತರಬಹುದು. ಒಂದು ಮುಳುಗಿನ ನಂತರ ಕನಿಷ್ಠ 12 ಗಂಟೆ, ಹಲವು ಮುಳುಗುಗಳ ನಂತರ 18 ಗಂಟೆ ವಿಮಾನ ಹತ್ತಬಾರದೆಂಬುದು ಡೈವಿಂಗ್ ವೈದ್ಯರ ಸಾಮಾನ್ಯ ಸಲಹೆ. ಈ ಲೆಕ್ಕ ಹಿಡಿಯುವುದು ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ, ಬೀದರಿನ ಪ್ರಸ್ಥಭೂಮಿ ಅದಕ್ಕಿಂತ ಮೇಲಿದೆ. ಹಾಗಾಗಿ ಮುರುಡೇಶ್ವರದಲ್ಲಿ ಮಧ್ಯಾಹ್ನ ನೀರಿನಿಂದ ಎದ್ದವರು ಸಂಜೆಯೇ ಘಟ್ಟ ಹತ್ತದೆ, ಒಂದು ರಾತ್ರಿ ದಡದಲ್ಲೇ ತಂಗಿ ಮರುದಿನ ಬೆಳಿಗ್ಗೆ ಬೀದರಿನ ದಾರಿ ಹಿಡಿಯಬೇಕು.